ಕಾಲರ್ ಮಾಸ್ತರರ ಕತ್ತು

ಬಿಸಿನೀರಿನಲ್ಲಿ ಒಗೆದರೆ ಬಟ್ಟೆ ಕುಗ್ಗುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಆದರೆ ಅಂಗಿಯ ತೋಳು, ಎದೆ, ಬೆನ್ನು ಎಲ್ಲವನ್ನೂ ಇದ್ದಂತೆ ಬಿಟ್ಟು ಕಾಲರನ್ನು ಮಾತ್ರ ಕುಗ್ಗಿಸಿ ಒಗೆಯುವುದಕ್ಕೆ ಬೇರೆಯೇ ಕೈಚಳಕ ಬೇಕು. ಆ ವಿದ್ಯೆ ತಮ್ಮ ಹೆಂಡತಿಗೆ ಕರಗತವಾಗಿದೆಯೆಂದು ಕಾಲರ್ ಮಾಸ್ತರರು ಬಲವಾಗಿ ನಂಬಿದ್ದರು.

ಮಾಸ್ತರರೆಂದರೆ ಪಾಠ ಹೇಳುವ ಮಾಸ್ತರರಲ್ಲ, ಹೊಲಿಯುವ ಮಾಸ್ತರರು. ಅವರು ಹೊಲಿದ ಅಂಗಿ ತೊಟ್ಟರೆ ಮನೆಯಲ್ಲಿ ಬೈಸಿಕೊಂಡು ಬಂದವನೂ ತಲೆ ಎತ್ತಿ ನಡೆಯುತ್ತಾನೆಂದು ಬೀದಿಯಲ್ಲಿ ಮಾತಿತ್ತು (ತಲೆ ತಗ್ಗಿಸಲು ಆ ಕಾಲರ್ ಬಿಡುವುದೇ ಇಲ್ಲ ಎಂಬುದು ಆಗದವರ ಮಾತು). ಇಂಥ ಕಾಲರ್ ಬ್ರಹ್ಮನಿಗೇ ಈಗ ತಮ್ಮ ಅಂಗಿಯ ಮೇಲಿನ ಗುಂಡಿ ಕೂಡುತ್ತಿರಲಿಲ್ಲ.

"ಇವಳೇ, ಮತ್ತೆ ಬಿಸಿನೀರಲ್ಲಿ ಒಗೆದೆಯಾ?"

"ನಿಮ್ಮ ಅಂಗಿಗೆ ನೀರು ಕಾಯಿಸ್ತಾ ಕೂರೋಕೆ ನಂಗೇನು ಬೇರೆ ಕೆಲಸ ಇಲ್ವಾ? ನಲ್ಲಿ ನೀರಲ್ಲೇ ಒಗೆದಿದ್ದು."

"ಹಾಗಾದ್ರೆ ಯಾಕೆ ಕತ್ತು ಹಿಸುಕ್ತಿದೆ ಇದು?"

"ಹೊಲಿದೋರನ್ನ ಕೇಳಿ."

ಹೊಲಿದವರು ತಾವೇ ಆದ್ದರಿಂದ ಮಾಸ್ತರರು ಕೇಳುವ ಗೋಜಿಗೆ ಹೋಗಲಿಲ್ಲ. ಗುಂಡಿ ಬಿಚ್ಚಿಟ್ಟು, ಮೇಲೊಂದು ಮಫ್ಲರ್ ಸುತ್ತಿ, ಅದರ ಮೇಲೆ ಅಳತೆಯ ಟೇಪು ಹಾಕಿಕೊಂಡು ಕೆಳಗಿಳಿದರು. ಮಫ್ಲರಿಗೆ ಇನ್ನೊಂದು ಕಾರಣವೂ ಇತ್ತು. ಬೀದಿಯೆಲ್ಲ ಬೆವರು ಒರೆಸಿಕೊಳ್ಳುವಾಗ ಮಾಸ್ತರರಿಗೆ ಮಾತ್ರ ಚಳಿ.

ಅಂಗಡಿ ಕೆಳಗೆ, ಮನೆ ಮೇಲೆ. ನಡುವೆ ಕಡಿದಾದ ಒಂದು ಮರದ ಏಣಿಮೆಟ್ಟಿಲು. ಮೇಲಿನಿಂದ ಬಟ್ಟೆ, ಊಟ, ಬೈಗುಳ ಎಲ್ಲವೂ ಆ ಮೆಟ್ಟಿಲ ದಾರಿಯಲ್ಲೇ ಇಳಿಯಬೇಕು. ಇತ್ತೀಚೆಗೆ ಬೈಗುಳದ ಸರಬರಾಜು ಮಿಕ್ಕವನ್ನೆಲ್ಲ ಹಿಂದೆ ಹಾಕಿತ್ತು. ಅದಕ್ಕೆ ಮೂಲ ಒಂದು ಕೋಟು.

ಮಾಸ್ತರರ ಭಾವಮೈದುನನಿಗೆ, ಅಂದರೆ ಹೆಂಡತಿಯ ತಮ್ಮನಿಗೆ, ಮದುವೆ ಗೊತ್ತಾಗಿತ್ತು. ಅವನು ಹಡಗಿನಲ್ಲಿ ಕೆಲಸ ಮಾಡುವವನು. ನೆಲ ಮುಟ್ಟುವುದೇ ಮದುವೆಯ ಹಿಂದಿನ ದಿನ. ಕತ್ತಿನವರೆಗೂ ಗುಂಡಿ ಬರುವ ಮದುವೆಯ ಕೋಟನ್ನು ತಾವೇ ಹೊಲಿಯುವುದಾಗಿ ಮಾಸ್ತರರು ಎಲ್ಲರೆದುರು ಮಾತು ಕೊಟ್ಟಿದ್ದರು. ಎಲ್ಲರೂ ಕಾಲರನ್ನು ಕೊನೆಗೆ ಹಚ್ಚಿದರೆ ಮಾಸ್ತರರು ಮೊದಲು ಕಾಲರ್ ಮಾಡಿ ಗೋಡೆಗೆ ನೇತುಹಾಕಿ, ಅದಕ್ಕೆ ತಕ್ಕ ಹಾಗೆ ಕೋಟು ಕತ್ತರಿಸುವವರು. ಭಾವಮೈದುನನ ಮೈ ಅಳತೆಯೇನೋ ಹಳೆಯ ಸೂಟಿನಿಂದ ಸಿಕ್ಕಿತು. ಕತ್ತಿನ ಅಳತೆಗೆ ಯೋಚನೆಯೇ ಇರಲಿಲ್ಲ. ಭಾವ ಮೈದುನ ಇಬ್ಬರದೂ ಒಂದೇ ಕತ್ತು ಎಂಬುದು ಮನೆಮಂದಿಗೆಲ್ಲ ಗೊತ್ತಿದ್ದ ಮಾತು. ಒಬ್ಬರ ಅಂಗಿ ಇನ್ನೊಬ್ಬರು ಹಾಕಿಕೊಂಡು ಓಡಾಡಿದವರು. ಮಾಸ್ತರರು ಗಟ್ಟಿ ಬಟ್ಟೆಯ ಪಟ್ಟಿಯೊಂದನ್ನು ತಮ್ಮ ಕತ್ತಿಗೇ ಸುತ್ತಿ, ಬೆರಳಾಡುವಷ್ಟು ಸಡಿಲ ಬಿಟ್ಟು, ಕತ್ತರಿ ಹಾಕಿಬಿಟ್ಟರು. ಅಂಕೆ ಬರೆದುಕೊಳ್ಳುವುದು ಹೊಸಬರ ಕೆಲಸವೆಂದು ಅವರ ಸಿದ್ಧಾಂತ.

ಕಾಲರೇನೋ ಗೋಡೆಯ ಮೇಲೆ ರಾಜಗಾಂಭೀರ್ಯದಿಂದ ತೂಗುತ್ತಿತ್ತು. ಅದರ ಕೆಳಗೆ ಬರಬೇಕಾದ ಕೋಟು ಮಾತ್ರ ಇನ್ನೂ ಬಟ್ಟೆಯ ಥಾನಿನಲ್ಲಿತ್ತು. ಮಾಸ್ತರರು ಕತ್ತರಿ ಹಿಡಿದರೆ ನಿದ್ದೆ, ಸೂಜಿ ಹಿಡಿದರೆ ನಿದ್ದೆ. ಯಂತ್ರದ ಮೇಲೆ ತಲೆಯಿಟ್ಟು ಒರಗಿದರೆ ಕುಂಭಕರ್ಣನೂ ಎದ್ದು ಚಾದರ ಹೊದಿಸಬೇಕು. ಪ್ಯಾಂಟಿನ ಎರಡು ಕಾಲನ್ನೂ ಒಂದಕ್ಕೊಂದು ಸೇರಿಸಿ ಹೊಲಿದು ಗಿರಾಕಿಯಿಂದ ಮಾತು ಕೇಳಿಸಿಕೊಂಡಿದ್ದೂ ಆಯಿತು. ಯಾರಿಗೂ ಹೇಳದಿದ್ದರೂ ಮಾಸ್ತರರಿಗೆ ಒಳಗೊಳಗೇ ಭಯವಾಗಿತ್ತು. ತಮ್ಮ ಕೈ ಹೋಯಿತೇ, ತಾವು ಮುದುಕರಾದೆವೇ ಎಂದು.

ದಿನಾ ಬೆಳಿಗ್ಗೆ ಮಾಸ್ತರರ ಅತ್ತೆ ತಮ್ಮ ಮಗಳಿಗೆ ಫೋನು ಮಾಡುತ್ತಿದ್ದರು. ಫೋನು ಇಟ್ಟ ಕೂಡಲೇ ಮಗಳು ಮೆಟ್ಟಿಲ ತಲೆಯಲ್ಲಿ ಪ್ರತ್ಯಕ್ಷ.

"ಏನ್ರೀ, ಕೋಟು ಎಲ್ಲಿಗೆ ಬಂತು?"

"ಬರ್ತಾ ಇದೆ."

"ನಡ್ಕೊಂಡು ಬರ್ತಿದೆಯಾ? ಅಮ್ಮ ಕೇಳ್ತಿದ್ದಾರೆ. ಆಗಲ್ಲ ಅಂದ್ರೆ ಈಗಲೇ ಹೇಳಿಬಿಡಿ, ಎದುರಂಗಡಿಯಲ್ಲಿ ತಗೋತಾರಂತೆ."

ಎದುರಂಗಡಿ ಎಂದರೆ ಸಿದ್ಧ ಉಡುಪಿನ ಅಂಗಡಿ. ಅದರ ಮಾಲೀಕನಿಗೆ ಬೀದಿ ಇಟ್ಟ ಹೆಸರು ರೆಡಿಮೇಡ್ ರಾಯರು. ಕಾಲರ್ ಮಾಸ್ತರರ ಸ್ವಂತ ಭಾವಮೈದುನ ರೆಡಿಮೇಡ್ ಕೋಟಿನಲ್ಲಿ ಮದುವೆಯಾಗುವುದೆಂದರೆ ಮಾಸ್ತರರು ಬೀದಿಯಲ್ಲಿ ಮುಖ ಎತ್ತಿ ತಿರುಗುವ ಹಾಗಿಲ್ಲ. (ಕಾಲರ್ ಎಷ್ಟೇ ಎತ್ತಿ ಹಿಡಿದರೂ.) ಆದ್ದರಿಂದ ಪ್ರತಿ ಸಲವೂ ಮಾಸ್ತರರು "ಈಗ ಕೂತೆ ನೋಡು" ಎಂದು ಕೂರುತ್ತಿದ್ದರು, ಕೂತಲ್ಲೇ ತೂಗುತ್ತಿದ್ದರು. ಆಗ ಮೇಲಿನಿಂದ ಕೂಗು. ಏಳದಿದ್ದರೆ ಇನ್ನೂ ಜೋರು ಕೂಗು. ಹೀಗೆ ಏರುತ್ತ ಏರುತ್ತ ಕೂಗು ಬೀದಿಯ ಕೊನೆಯ ಸೈಕಲ್ ಅಂಗಡಿಯವರೆಗೂ ತಲುಪುವಷ್ಟಾಗಿತ್ತು.

ಆಕೆ ಬರೀ ಕೂಗುವವಳಾಗಿರಲಿಲ್ಲ. ಒಂದು ದಿನ ತಿಳಿನೀಲಿ ಗೆರೆಯ ಅಂಗಿಯೊಂದನ್ನು ತಂದು ಮುಂದಿಟ್ಟಳು. "ನೀವೇ ಹೊಲಿದದ್ದು. ಪೆಟ್ಟಿಗೆ ತಳದಲ್ಲಿತ್ತು. ತಣ್ಣೀರಲ್ಲಿ ಒಗೆದಿದ್ದೀನಿ."

ಮಾಸ್ತರರು ಹಾಕಿಕೊಂಡರು. ಮೇಲಿನ ಗುಂಡಿ ಬೆಣ್ಣೆಯ ಹಾಗೆ ಕೂಡಿತು. ಒಳಗೆ ಅವರದೇ ಹೆಸರಿನ ಪಟ್ಟಿ. "ನೋಡಿದೆಯಾ ತಣ್ಣೀರಿನ ಮಹಿಮೆ?" ಎಂದು ಹೆಂಡತಿಯ ಅಪರಾಧ ಸಾಬೀತಾದ ಖುಷಿಯಲ್ಲಿ ಅವರು ಎದುರಂಗಡಿಗೇ ನಡೆದರು. "ರಾಯರೇ, ನೋಡಿ. ಇದಕ್ಕೆ ಕಾಲರ್ ಅಂತಾರೆ. ಇಂಥದ್ದು ನಿಮ್ಮ ಅಂಗಡೀಲಿ ಸಿಗುತ್ತಾ?"

ರಾಯರು ಅಂಗಿಯನ್ನು ನೋಡಿದರು, ಮಾಸ್ತರರ ಮುಖ ನೋಡಿದರು. "ಸದ್ಯಕ್ಕಂತೂ ಇಲ್ಲ ಮಾಸ್ತರೇ," ಎಂದರು.

ಇಷ್ಟರಲ್ಲಿ ಒಂದು ದಿನ ಪ್ಯಾಂಟಿನ ಸೊಂಟ ಬಿಡಿಸಲು ಅಂಗಡಿಗೆ ಬಂದ ಬಸ್ ಕಂಡಕ್ಟರ್ ಒಂದು ಮಾತು ಆಡಿದ. ಮೇಲಿನ ಕೂಗು ಕೇಳಿ ಅವನಿಗೆ ತನ್ನ ನಾದಿನಿಯ ನೆನಪಾಯಿತಂತೆ. "ಅವಳಿಗೂ ಹೀಗೇ ಮಾಸ್ತರೇ. ಯಾವಾಗಲೂ ಸೆಕೆ, ಒಂದು ಕಡೆ ಕೂರಲ್ಲ, ಮುಟ್ಟಿದ್ರೆ ಸಿಡುಕು. ಕೊನೆಗೆ ನೋಡಿದ್ರೆ ಥೈರಾಯ್ಡ್ ಜಾಸ್ತಿಯಾಗಿತ್ತು. ಔಷಧಿ ಕೊಟ್ರು, ಈಗ ಹಸು."

ಮಾಸ್ತರರ ನಿದ್ದೆ ಹಾರಿಹೋಯಿತು. ಸೆಕೆ? ಹೌದು, ಹೆಂಡತಿ ಫ್ಯಾನು ಆರಿಸಲು ಬಿಡುವುದಿಲ್ಲ. ಒಂದು ಕಡೆ ಕೂರುವುದಿಲ್ಲ? ಅಡುಗೆ, ಒಗೆತ, ಗುಂಡಿಮನೆಯ ಕಾಜಾ ಹೊಲಿಗೆ, ಮೆಟ್ಟಿಲು ಹತ್ತಿ ಇಳಿಯುವುದು, ಕೂತದ್ದು ಕಂಡಿಲ್ಲ. ಸಿಡುಕು? ಅದಕ್ಕೆ ಸೈಕಲ್ ಅಂಗಡಿಯವನೇ ಸಾಕ್ಷಿ. ಇಷ್ಟು ವರ್ಷ ತಾವು ಸ್ವಭಾವವೆಂದು ಸಹಿಸಿಕೊಂಡದ್ದು ಬರೀ ಕಾಯಿಲೆ! ಮಾತ್ರೆ ಕೊಟ್ಟರೆ ವಾಸಿಯಾಗುವ ಕಾಯಿಲೆ! ಮಾಸ್ತರರ ಎದೆ ತಾಳ ಹಾಕತೊಡಗಿತು. ಆ ಸಂಭ್ರಮದಲ್ಲಿ ಕಂಡಕ್ಟರನ ಪ್ಯಾಂಟಿನ ಸೊಂಟವನ್ನು ಬಿಡಿಸುವ ಬದಲು ಇನ್ನಷ್ಟು ಹಿಡಿದರು.

ಆದರೆ ಹೆಂಡತಿಯನ್ನು ಡಾಕ್ಟರ ಹತ್ತಿರ ಕರೆದೊಯ್ಯುವುದು ಹೇಗೆ? 'ನಿನ್ನ ಬಾಯಿಗೆ ಔಷಧಿ ಇದೆಯಂತೆ' ಎಂದರೆ ಮೊದಲು ಔಷಧಿ ಬೇಕಾಗುವುದು ತಮಗೆ. ಮಾಸ್ತರರು ಬೆಣ್ಣೆ ಸವರಿದ ದನಿಯಲ್ಲಿ ಹೇಳಿದರು, "ಇವಳೇ, ವಯಸ್ಸಾಯ್ತು. ಇಬ್ಬರೂ ಒಂದ್ಸಲ ಥೈರಾಯ್ಡ್ ತೋರಿಸ್ಕೊಂಡು ಬರೋಣ್ವಾ?"

"ನಡೀರಿ," ಎಂದು ಆಕೆ ಚಪ್ಪಲಿ ಮೆಟ್ಟಿಯೇ ಬಿಟ್ಟಳು. ಇಷ್ಟು ಸುಲಭವಾಗಿ ಮೀನು ಗಾಳಕ್ಕೆ ಬಿದ್ದದ್ದು ಮಾಸ್ತರರಿಗೆ ಸ್ವಲ್ಪ ವಿಚಿತ್ರವೆನಿಸಿತು. ಗಾಳದ ಇನ್ನೊಂದು ತುದಿ ಯಾರ ಕೈಯಲ್ಲಿದೆ ಎಂದು ಮಾತ್ರ ಅವರು ನೋಡಲಿಲ್ಲ.

ಡಾಕ್ಟರಮ್ಮ ಹಳೆಯ ಗಿರಾಕಿ. ಅವರ ಬಿಳಿ ಕೋಟಿನ ಕಾಲರ್ ಮಾಸ್ತರರದೇ. ಆಕೆ ಹೆಂಡತಿಯ ಕತ್ತನ್ನು ಒಂದು ಕ್ಷಣ ಮುಟ್ಟಿ ನೋಡಿ ಬಿಟ್ಟರು. ಮಾಸ್ತರರ ಮಫ್ಲರ್ ತೆಗೆಸಿದವರು ಬಿಡಲೇ ಇಲ್ಲ. ಹಿಂದೆ ನಿಂತು ಎರಡು ಕೈಯಲ್ಲೂ ಒತ್ತಿದರು, ನೀರು ಕೊಟ್ಟು ನುಂಗಿಸಿದರು, ಮತ್ತೆ ಒತ್ತಿದರು. ಹಳೆಯ ಪರಿಚಯದ ವಿಶ್ವಾಸವೆಂದು ಮಾಸ್ತರರು ಸಂಕೋಚದಿಂದ ನಕ್ಕರು. ಆಮೇಲೆ ಇಬ್ಬರದೂ ರಕ್ತ ತೆಗೆದುಕೊಂಡರು.

ಮರುದಿನ ಪ್ರಯೋಗಾಲಯದ ಕಿಟಕಿಯಲ್ಲಿದ್ದ ಹುಡುಗಿ ಓದಿ ಹೇಳಿದಳು. "ಟಿಎಸ್‌ಎಚ್. ನಿಮ್ಮ ಮನೆಯವರದು ಎರಡು. ನಿಮ್ಮದು ನಲವತ್ತೆಂಟು."

ಮಾಸ್ತರರು ಒಂದು ಕ್ಷಣ ತಬ್ಬಿಬ್ಬಾದರು. ಜಾಸ್ತಿ ಇರಬೇಕಾದದ್ದು ಹೆಂಡತಿಗಲ್ಲವೇ? ಆದರೆ ಮನೆ ತಲುಪುವಷ್ಟರಲ್ಲಿ ಅವರ ಬುದ್ಧಿ ಹೊಸ ಹೊಲಿಗೆ ಹಾಕಿತ್ತು. ನಲವತ್ತೆಂಟು! ಜೀವನದಲ್ಲಿ ಯಾವ ಪರೀಕ್ಷೆಯಲ್ಲೂ ಅವರಿಗೆ ಇಷ್ಟು ಅಂಕ ಬಂದಿರಲಿಲ್ಲ. "ಅರ್ಥ ಆಯ್ತಾ?" ಎಂದರು ಹೆಂಡತಿಗೆ. "ತುಂಬಿದ ಕೊಡ ತುಳುಕೋದಿಲ್ಲ. ನನ್ನಲ್ಲಿ ಥೈರಾಯ್ಡ್ ತುಂಬಿ ತುಳುಕುವಷ್ಟಿದೆ, ಅದಕ್ಕೇ ಶಾಂತವಾಗಿದ್ದೀನಿ. ನಿನ್ನದು ತಳ ಕಂಡಿದೆ, ಅದಕ್ಕೇ ಇಷ್ಟು ಸದ್ದು."

ಹೆಂಡತಿ ರಿಪೋರ್ಟನ್ನು ಮಡಿಚಿ ಎತ್ತಿಟ್ಟಳು. ಆಕೆ ಕೂಗದಿದ್ದದ್ದು ಮಾಸ್ತರರಿಗೆ ಎಚ್ಚರಿಕೆಯಾಗಬೇಕಿತ್ತು. ಆಗಲಿಲ್ಲ. ಅವರು ಬೀದಿಯುದ್ದಕ್ಕೂ ಸುದ್ದಿ ಹಂಚಿ ಬಂದರು. ಸೈಕಲ್ ಅಂಗಡಿಯವನು ಕೈ ಕುಲುಕಿದ. ರೆಡಿಮೇಡ್ ರಾಯರು "ನಮಗೆಲ್ಲಾ ಎಲ್ಲಿಂದ ಬರಬೇಕು ಅಷ್ಟು" ಎಂದು ನಿಟ್ಟುಸಿರಿಟ್ಟರು.

ಸಂಜೆ ಡಾಕ್ಟರಮ್ಮನ ಮುಂದೆ ಮಾಸ್ತರರು ಬಹುಮಾನ ತೆಗೆದುಕೊಳ್ಳಲು ಬಂದವರಂತೆ ಕೂತರು. "ನಂದು ಸರಿ ಡಾಕ್ಟರಮ್ಮ, ನೋಡಿಯಾಯ್ತು. ಇವಳದು ಏರೋ ಹಾಗೆ ಏನಾದ್ರೂ ಬರೆದುಕೊಡಿ."

"ಅವರದು ಸರಿಯಾಗಿದೆ ಮಾಸ್ತರೇ. ನಿಮ್ಮದೇ ಕೆಟ್ಟಿರೋದು."

"ನಲವತ್ತೆಂಟು ಬಂದಿದೆಯಲ್ಲಾ."

"ಅದಕ್ಕೇ ಹೇಳ್ತಿರೋದು." ಡಾಕ್ಟರಮ್ಮ ಕುರ್ಚಿ ಮುಂದೆಳೆದುಕೊಂಡರು. "ನಿಮ್ಮ ಕತ್ತಲ್ಲಿ ಚಿಟ್ಟೆ ಆಕಾರದ ಒಂದು ಗ್ರಂಥಿ ಇದೆ. ಅದೇ ಥೈರಾಯ್ಡ್. ಮೈಗೆ ಬಿಸಿ, ಚುರುಕು ಕೊಡೋ ಹಾರ್ಮೋನ್ ಅಲ್ಲಿ ತಯಾರಾಗುತ್ತೆ. ಆದ್ರೆ ಅದು ತಾನಾಗಿ ಕೆಲಸ ಮಾಡೋ ಪೈಕಿ ಅಲ್ಲ. ತಲೆಯೊಳಗೆ ಪಿಟ್ಯುಟರಿ ಅಂತ ಬಟಾಣಿಯಷ್ಟು ಇನ್ನೊಂದು ಗ್ರಂಥಿ ಇದೆ. ಅದು ಮೇಲಿಂದ ಹೇಳ್ತಿರಬೇಕು. ಆ ಹೇಳೋ ಮಾತೇ ಟಿಎಸ್‌ಎಚ್. ಅದು ಥೈರಾಯ್ಡ್ ಹೊಲಿದುಕೊಡೋ ಮಾಲಲ್ಲ, ಥೈರಾಯ್ಡನ್ನ ಎಬ್ಬಿಸೋ ಕೂಗು."

"ಕೂಗಾ?" ಎಂದಳು ಹೆಂಡತಿ, ಮೊದಲ ಬಾರಿಗೆ ಬಾಯಿ ತೆರೆದು.

"ಹೌದಮ್ಮ. ನಿಮ್ಮ ಅಂಗಡಿ ಕೆಳಗೆ, ಮನೆ ಮೇಲೆ ಅಲ್ವಾ? ಹಾಗೇ ಅಂದ್ಕೊಳ್ಳಿ. ಕೆಳಗೆ ಕೆಲಸ ನಡೀತಿದ್ರೆ ಅದರ ಸುದ್ದಿ ರಕ್ತದಲ್ಲೇ ಮೇಲಕ್ಕೆ ಹೋಗುತ್ತೆ, ಮೇಲಿನವರು ಸುಮ್ಮನಿರ್ತಾರೆ. ಮೆಲ್ಲಗೆ ಒಂದು ಮಾತು ಸಾಕು. ಕೆಳಗಿನವರು ಕೆಲಸ ಬಿಟ್ಟು ಮಲಗಿದ್ರೆ, ಮೇಲಿನವರು ದನಿ ಏರಿಸ್ತಾರೆ. ಆಗಲೂ ಏಳಲಿಲ್ಲ ಅಂದ್ರೆ ಇನ್ನೂ ಏರಿಸ್ತಾರೆ. ನಲವತ್ತೆಂಟು ಅಂದ್ರೆ, ಮಾಸ್ತರೇ, ಮೇಲಿನವರು ಗಂಟಲು ಹರಿದುಕೊಂಡು ಕೂಗ್ತಿದ್ದಾರೆ, ಕೆಳಗಿನವರಿಗೆ ಕೇಳಿಸ್ತಾ ಇಲ್ಲ ಅಂತ ಅರ್ಥ."

ಹೆಂಡತಿ ನಿಧಾನವಾಗಿ ಮಾಸ್ತರರ ಕಡೆ ತಿರುಗಿದಳು.

"ಹಾಗಾದ್ರೆ ಕೂಗೋದು ಕಾಯಿಲೆ ಅಲ್ಲ ಡಾಕ್ಟರಮ್ಮ?"

"ಅಲ್ಲವೇ ಅಲ್ಲ. ಕೂಗೋವ್ರು ತಮ್ಮ ಕೆಲಸ ಸರಿಯಾಗೇ ಮಾಡ್ತಿದ್ದಾರೆ. ಕಾಯಿಲೆ ಕೆಳಗಿರೋದು."

"ಇನ್ನೊಂದ್ಸಲ ಹೇಳಿ, ಇವರಿಗೆ ಸರಿಯಾಗಿ ಕೇಳಿಸಲಿ."

ಡಾಕ್ಟರಮ್ಮ ಇನ್ನೊಂದು ಸಲ ಹೇಳಿದರು. ಮಾಸ್ತರರಿಗೆ ಅವಮಾನವಾಗಬೇಕಿತ್ತು. ಆದರೆ ವಿಚಿತ್ರವೆಂದರೆ ಅವರ ಕಣ್ಣು ಅರಳುತ್ತಿತ್ತು. ತಮ್ಮ ಮನೆಯ ಮೆಟ್ಟಿಲನ್ನೇ ಯಾರೋ ಒಳಗಿಟ್ಟು ಹೊಲಿದ ಹಾಗಿತ್ತಲ್ಲ ಈ ಮೈ! "ಡಾಕ್ಟರಮ್ಮ, ಆ ಮೇಲಿನವರಿಗೆ ಹೇಳೋವ್ರು ಇನ್ಯಾರಾದ್ರೂ ಇದ್ದಾರಾ?"

"ಇದ್ದಾರೆ. ಇನ್ನೂ ಮೇಲೆ ಹೈಪೊಥಾಲಮಸ್ ಅಂತ. ಅದು ಪಿಟ್ಯುಟರಿಗೆ ಚುಚ್ಚುತ್ತೆ, ಪಿಟ್ಯುಟರಿ ಥೈರಾಯ್ಡಿಗೆ ಕೂಗುತ್ತೆ."

"ಫೋನಲ್ಲಿ," ಎಂದರು ಮಾಸ್ತರರು ಮೈಮರೆತು. "ನಮ್ಮತ್ತೆ."

"ರೀ," ಎಂದಳು ಹೆಂಡತಿ.

"ಮತ್ತೆ ಕತ್ತು ಬಿಗಿಯೋದು?"

"ಕೂಗು ಕೇಳಿ ಕೇಳಿ ಆ ಗ್ರಂಥಿ ಊದಿಕೊಂಡಿದೆ. ಕೈಲಾಗದಿದ್ರೂ ಕೆಲಸ ಮಾಡೋಕೆ ಒದ್ದಾಡಿ ದಪ್ಪಗಾಗಿದೆ. ಮಫ್ಲರ್ ಒಳಗೆ ಯಾರಿಗೂ ಕಂಡಿಲ್ಲ ಅಷ್ಟೇ."

"ನಂಗೆ ಕಂಡಿತ್ತು," ಎಂದಳು ಹೆಂಡತಿ. ಆಕೆಯ ದನಿ ಇದ್ದಕ್ಕಿದ್ದಂತೆ ಸಣ್ಣಗಾಯಿತು. "ನಿದ್ದೆ ಮಾಡೋವಾಗ ಕಾಣೋದು. ಡಾಕ್ಟರ ಹತ್ರ ಹೋಗೋಣ ಅಂದ್ರೆ ನಿಂಗೇ ಹುಚ್ಚು ಅಂತಿದ್ರು. ಕೂತಲ್ಲೇ ಹೀಗೆ ಮಲಗಿಬಿಡ್ತಾರಲ್ಲ, ಏಳದೇ ಹೋದ್ರೆ ಅಂತ ಹೆದರಿಕೆ ಆಗೋದು ಡಾಕ್ಟರಮ್ಮ. ಅದಕ್ಕೇ ಅಷ್ಟು ಜೋರಾಗಿ ಕೂಗ್ತಿದ್ದೆ."

ಕೋಟಿಗಾಗಿ ಎಂದುಕೊಂಡಿದ್ದ ಕೂಗು ತಮಗಾಗಿ ಎಂದು ತಿಳಿದಾಗ ಮಾಸ್ತರರು ಮಫ್ಲರನ್ನು ಮಡಿಚಿದರು, ಬಿಚ್ಚಿದರು, ಮತ್ತೆ ಮಡಿಚಿದರು. "ಬಿಸಿನೀರಿನ ವಿಷಯ," ಎಂದರು ಕೊನೆಗೆ, "ನಾನು ವಾಪಸ್ ತಗೊಂಡೆ."

ಬೆಳಿಗ್ಗೆ ಎದ್ದ ಕೂಡಲೇ ಬರೀ ಹೊಟ್ಟೆಗೆ ಒಂದು ಪುಟ್ಟ ಮಾತ್ರೆ. ಅರ್ಧ ಗಂಟೆ ಕಳೆಯುವವರೆಗೆ ಕಾಫಿ ಇಲ್ಲ. ಗ್ರಂಥಿ ತಾನು ಮಾಡದ ಹಾರ್ಮೋನನ್ನು ಮಾತ್ರೆ ತಂದು ಸುರಿಯುತ್ತದೆ, ಆಗ ಮೇಲಿನವರಿಗೆ ಸಮಾಧಾನವಾಗುತ್ತದೆ. ಎರಡು ದಿನದಲ್ಲಿ ಆಗುವ ಕೆಲಸವಲ್ಲ, ವಾರಗಳು ಬೇಕು ಎಂದಿದ್ದರು ಡಾಕ್ಟರಮ್ಮ.

ವಾರಗಳು ಕಳೆದವು. ಮೊದಲು ಮಫ್ಲರ್ ಗೂಟಕ್ಕೆ ಹೋಯಿತು. ಆಮೇಲೆ ಒಂದು ದಿನ ಮಾಸ್ತರರು ಮಧ್ಯಾಹ್ನದ ಹೊತ್ತು ತಾವು ಎಚ್ಚರವಾಗಿರುವುದನ್ನು ಕಂಡು ತಾವೇ ಬೆರಗಾದರು. ಕತ್ತರಿ ಕೈಗೆ ಹಗುರಾಯಿತು. ಥಾನು ಬಿಚ್ಚಿಕೊಂಡಿತು. ಗೋಡೆಯ ಮೇಲಿನ ಕಾಲರಿಗೆ ತಕ್ಕಂತೆ ಎದೆ ಬಂತು, ಬೆನ್ನು ಬಂತು, ತೋಳು ಬಂತು. ಯಂತ್ರ ಬೆಳಿಗ್ಗೆಯಿಂದ ಸಂಜೆಯವರೆಗೆ ಹಾಡಿದ್ದೇ ಹಾಡಿದ್ದು. ಹೋಗಿದ್ದ ಕೈ ಮರಳಿ ಬಂದಿತ್ತು; ಅದಕ್ಕಿಂತ ದೊಡ್ಡ ಸಂತೋಷ ಮಾಸ್ತರರಿಗೆ ಬೇರೆ ಬೇಕಿರಲಿಲ್ಲ.

ಶಾಸ್ತ್ರದಲ್ಲಿ ಹೇಳಿದಂತೆಯೇ ಮೇಲಿನ ಕೂಗು ತಾನಾಗಿ ಇಳಿಯಿತು. ಅತ್ತೆಯ ಫೋನು ದಿನಕ್ಕೊಂದರಿಂದ ವಾರಕ್ಕೊಂದಾಯಿತು. ಮಾಸ್ತರರು ಬಂದ ಗಿರಾಕಿಗೆಲ್ಲ ಅಳತೆ ತೆಗೆಯುವ ನೆಪದಲ್ಲಿ ಕತ್ತು ಹಿಡಿದು ನಿಲ್ಲಿಸಿ ಪಾಠ ಹೇಳತೊಡಗಿದರು. "ಮೇಲಿನವರು ಕೂಗ್ತಿದ್ದಾರೆ ಅಂದ್ರೆ ಅವರನ್ನ ಅನ್ನಬೇಡಿ, ಕೆಳಗೆ ನೋಡ್ಕೊಳ್ಳಿ." ಕಂಡಕ್ಟರನಂತೂ ಇದನ್ನು ಕೇಳಿ ಕೇಳಿ ಬಸ್ಸಿನಲ್ಲಿ ಹೇಳತೊಡಗಿದನಂತೆ.

ಮದುವೆಯ ಹಿಂದಿನ ದಿನ ಭಾವಮೈದುನ ಹಡಗಿನಿಂದಿಳಿದು ನೇರವಾಗಿ ಅಂಗಡಿಗೆ ಬಂದ. ಕೋಟು ನೋಡಲು ರೆಡಿಮೇಡ್ ರಾಯರೂ ಬೀದಿ ದಾಟಿ ಬಂದರು (ಮಾಸ್ತರರೇ ಹೇಳಿ ಕಳಿಸಿದ್ದರು). ಕೋಟು ಮೈಗೆ ಕೂತ ರೀತಿ ನೋಡಿ ರಾಯರ ಹುಬ್ಬು ಮೇಲೇರಿತು. ಮಾಸ್ತರರು ಗುಂಡಿಗಳನ್ನು ಒಂದೊಂದಾಗಿ ಹಾಕುತ್ತ ಬಂದು, ಕೊನೆಯದನ್ನು ಕತ್ತಿನ ಬಳಿ ಹಾಕಿ, ಹಿಂದೆ ಸರಿದು ನಿಂತರು.

ಕಾಲರ್ ಸೆಟೆದು ನಿಂತಿತ್ತು. ಅದರ ನಡುವೆ ಭಾವಮೈದುನನ ಕತ್ತು, ಬಕೆಟಿನಲ್ಲಿ ಇಳಿಬಿಟ್ಟ ಸೌಟಿನಂತೆ, ಯಾವ ಕಡೆಗೂ ತಾಗದೆ ನಿಂತಿತ್ತು.

"ಭಾವ," ಎಂದ ಅವನು ಕಾಲರಿನೊಳಗಿಂದ, "ಇದರಲ್ಲಿ ಇನ್ನೊಬ್ಬರು ಬರ್ತಾರಾ?"

"ಯಾರ ಅಳತೆ ಇದು?" ಎಂದಳು ಮೆಟ್ಟಿಲ ಮೇಲಿದ್ದ ಹೆಂಡತಿ.

ಮಾಸ್ತರರ ಕೈ ತಾನಾಗಿ ತಮ್ಮ ಕತ್ತಿಗೆ ಹೋಯಿತು. "ನಂದೇ. ಆಗಿನದು."

ಆಗಿನದು ಎಂದರೆ ಯಾವಾಗಿನದು ಎಂದು ಹೆಂಡತಿಗೆ ಹೇಳಬೇಕಾಗಿರಲಿಲ್ಲ. ರಾಯರು ಕೆಮ್ಮಿ, "ನಮ್ಮಲ್ಲಿ ಈ ಸೈಜಿಂದು ಒಂದು ಇದೆ," ಎಂದರು. ಅದು ಗಾಯದ ಮೇಲೆ ಬರೆ ಎಳೆದಂತಾಯಿತು.

"ಬೇಡ ರಾಯರೇ. ಕಾಯಿಲೆಯಲ್ಲಿ ಒಂದು ಕಾಲರ್ ತಪ್ಪಿರಬಹುದು. ಆದ್ರೆ ಈ ಮಾಸ್ತರನ ಕಾಲರ್ ಅಂದ್ರೆ ಏನು ಅಂತ ಇಲ್ಲಿ ನೋಡಿ." ಮಾಸ್ತರರು ತಾವು ತೊಟ್ಟಿದ್ದ ತಿಳಿನೀಲಿ ಗೆರೆಯ ಅಂಗಿಯ ಕಾಲರನ್ನು ಎಳೆದು ತೋರಿಸಿದರು. "ಊದಿದ ಕತ್ತಿಗೂ ಸರಿ, ಇಳಿದ ಕತ್ತಿಗೂ ಸರಿ."

ರಾಯರು ಮೆಟ್ಟಿಲ ಕಡೆ ನೋಡಿದರು. ಹೆಂಡತಿ ಬೇಡ ಎಂಬಂತೆ ತಲೆಯಾಡಿಸಿದಳು. ಅಷ್ಟರಲ್ಲಿ ಮಾಸ್ತರರ ಬೆರಳು ಕಾಲರಿನ ಒಳಬದಿಗೆ ಹೋಗಿ ಅಲ್ಲೇ ನಿಂತಿತು. ತಿಂಗಳುಗಟ್ಟಲೆ ಮಂಪರಿನಲ್ಲಿ ತೊಟ್ಟಿದ್ದನ್ನು ಇಂದು ಎಚ್ಚರದ ಬೆರಳು ಮುಟ್ಟಿತ್ತು. ಈ ಹೊಲಿಗೆ ತಮ್ಮದಲ್ಲ. ಹೆಸರಿನ ಪಟ್ಟಿಯೇನೋ ತಮ್ಮದು, ಆದರೆ ಅದನ್ನು ಹಚ್ಚಿದ ಕೈಹೊಲಿಗೆ ಸೊಟ್ಟ ಸೊಟ್ಟ.

"ಇವಳೇ. ಇದು ಯಾರ ಅಂಗಿ?"

"ಕತ್ತು ಹಿಸುಕ್ತಿದೆ ಅಂತ ದಿನಾ ಒದ್ದಾಡ್ತಿದ್ರಲ್ಲ, ನೋಡೋಕಾಗಲಿಲ್ಲ," ಎಂದಳು ಆಕೆ. "ಎದುರಂಗಡಿಯಿಂದ ತಂದೆ."

"ನಮ್ಮಲ್ಲಿ ಅದು ಕೊನೇದು ಮಾಸ್ತರೇ," ಎಂದರು ರಾಯರು ಮೆಲ್ಲಗೆ. "ಅದಕ್ಕೇ ಸದ್ಯಕ್ಕೆ ಇಲ್ಲ ಅಂದಿದ್ದೆ."

ಅದೇ ಹೊತ್ತಿಗೆ ಮೇಲೆ ಫೋನು ರಿಂಗಾಯಿತು. ಹೆಂಡತಿ ಹತ್ತಿಹೋಗಿ "ಹೂಂ ಅಮ್ಮ, ಹೂಂ ಅಮ್ಮ" ಎಂದು ಇಟ್ಟು, ಮೆಟ್ಟಿಲ ತಲೆಗೆ ಬಂದು ನಿಂತಳು.

"ಏನ್ರೀ. ಕೋಟು."

ಒಂದೇ ಮಾತು, ಅದೂ ಮೆಲ್ಲಗೆ. ಮಾಸ್ತರರು ಆಗಲೇ ಬ್ಲೇಡು ಹಿಡಿದು ಕಾಲರ್ ಬಿಚ್ಚುತ್ತಿದ್ದರು. ಹಿಂಭಾಗದ ನಡುವೆ ಕತ್ತರಿಸಿ, ಹೆಚ್ಚಿದ್ದನ್ನು ತೆಗೆದು, ಕೋಟಿನ ಕತ್ತನ್ನು ಒಳಕ್ಕೆ ಹಿಡಿದು, ಮತ್ತೆ ಹಚ್ಚಿದರು. ಈ ಸಲ ಪಟ್ಟಿ ಸುತ್ತಿದ್ದು ಭಾವಮೈದುನನ ಕತ್ತಿಗೇ. ದೀಪ ಹಚ್ಚುವ ಹೊತ್ತಿಗೆ ಕೋಟು ಸಿದ್ಧವಾಗಿತ್ತು, ಹೊಲಿಗೆ ಎಲ್ಲಿದೆಯೆಂದು ರಾಯರೂ ಹುಡುಕಿ ಸೋತರು.

ಮರುದಿನ ಮದುಮಗ ತಲೆ ಎತ್ತಿಕೊಂಡೇ ನಡೆದ. ಮಾಸ್ತರರು ತಿಳಿನೀಲಿ ಗೆರೆಯ ಅಂಗಿಯನ್ನೇ ತೊಟ್ಟು ಬಂದಿದ್ದರು. ಬೇರೆ ಹಾಕಿಕೊಳ್ಳಿ ಎಂದು ಹೆಂಡತಿ ಎಷ್ಟು ಹೇಳಿದರೂ ಕೇಳಲಿಲ್ಲ. ಆ ಸೊಟ್ಟ ಹೊಲಿಗೆಯ ಪಟ್ಟಿಯನ್ನು ನೇರ ಮಾಡಲೂ ಮನಸ್ಸು ಬಂದಿರಲಿಲ್ಲ. ಊಟದ ಹೊತ್ತಿನಲ್ಲಿ ಅತ್ತೆ ಎಲ್ಲ ನೆಂಟರ ಮುಂದೆ, ರೆಡಿಮೇಡ್ ರಾಯರು ಪಕ್ಕದಲ್ಲೇ ನಿಂತಿರುವಾಗ, ಅಳಿಯನನ್ನು ಕರೆದರು.

"ಅಳಿಯಂದಿರೇ, ಕೋಟು ಪರವಾಗಿಲ್ಲ. ಆದ್ರೆ ಕಾಲರ್ ಅಂದ್ರೆ ನೀವು ಹಾಕ್ಕೊಂಡಿರೋ ಈ ಅಂಗೀದು ನೋಡಿ. ನಿಮ್ಮ ಕೈಗೆ ಇದು ಒಂದೇ ಸಾಕು ಹೆಸರು ತರೋಕೆ. ನಿಮ್ಮ ಮಾವನಿಗೂ ಇಂಥದ್ದೇ ಒಂದು ಹೊಲಿದುಕೊಡಿ."

ಹೆಂಡತಿ ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು. ರಾಯರು ಚಾವಣಿಯ ಕಡೆ ನೋಡಿದರು. ಮಾಸ್ತರರು ಅಂದು ಡಾಕ್ಟರಮ್ಮ ನುಂಗಿಸಿದ ಹಾಗೆ, ಎಲ್ಲರೆದುರು, ಗಟ್ಟಿಯಾಗಿ ಉಗುಳು ನುಂಗಿದರು. ಕಾಲರ್ ಒಂದಿಷ್ಟೂ ಬಿಗಿಯಲಿಲ್ಲ.